ನಾಲ್ಕು ಗಂಟೆಯ ನೋವು

ನನ್ನ ಮದುವೆ ಗೊತ್ತಾಗುವ ಮೊದಲು ಅವ್ವ ಹುಡುಗನನ್ನು ಮನೆಗೆ ಕರೆಸಿ, ನಾನು ಬಡಿದ ರೊಟ್ಟಿಗಳನ್ನು ಅವನ ಮುಂದಿಟ್ಟು, ಎಷ್ಟು ತಿನ್ನುತ್ತಾನೆ ಎಂದು ಬಾಗಿಲ ಸಂದಿಯಿಂದ ನೋಡಿದ್ದಳು. ಅವನು ಎರಡು ರೊಟ್ಟಿ ತಿಂದು ಕೈ ತೊಳೆದ. ಅವ್ವ ಒಳಗೆ ಬಂದು ನನ್ನ ಹೊಟ್ಟೆ ಮುಟ್ಟಿ, "ಏನರ ಆಗಾಕ್ಹತ್ತೈತೇನು?" ಎಂದು ಕೇಳಿದಳು. ಏನೂ ಆಗುತ್ತಿರಲಿಲ್ಲ. "ಹಂಗಾರ ಇವನ ಸೈ" ಎಂದು ಅಲ್ಲೇ ಸಕ್ಕರೆ ಹಂಚಿಬಿಟ್ಟಳು. ನಮ್ಮೂರಿನಲ್ಲಿ ಹೆಣ್ಣಿಗೆ ಅಡುಗೆ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಗಂಡು ಹೇಗೆ ಉಣ್ಣುತ್ತಾನೆ ಎಂದು ಕೇಳುತ್ತಾರೆ. ಏಕೆಂದರೆ ಇಲ್ಲಿ ಉಂಡವರ ಹೊಟ್ಟೆನೋವು ಉಂಡವರಿಗೆ ಬರುವುದಿಲ್ಲ, ಅಡುಗೆ ಮಾಡಿದವರಿಗೆ ಬರುತ್ತದೆ. ಬೇರೆ ಊರುಗಳಲ್ಲಿ ಉಪ್ಪು ತಿಂದವನು ನೀರು ಕುಡಿಯುತ್ತಾನಂತೆ. ನಮ್ಮಲ್ಲಿ ಉಪ್ಪು ಹಾಕಿದವಳು ಕುಡಿಯುತ್ತಾಳೆ. ನನ್ನ ಗಂಡ ಇಪ್ಪತ್ತೆರಡು ವರ್ಷ ನನ್ನ ಕೈಯಡುಗೆ ಉಂಡು, ನನಗೆ ಒಂದೇ ಒಂದು ಹುಳಿತೇಗನ್ನೂ ಕೊಡದೆ ತೀರಿಕೊಂಡ. ಅಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು.

ಅವನು ಹೋದ ಮೇಲೆ ನಾನು, ದುಂಡವ್ವ, ಅವ್ವ ಬಿಟ್ಟುಹೋದ ಖಾನಾವಳಿಯನ್ನೇ ನಂಬಿಕೊಂಡು ಬದುಕಿದೆ. ನಲವತ್ತೊಂದು ಜನ ಖಾಯಂ ಗಿರಾಕಿಗಳು. ಗೋಡೆಗೆ ನಲವತ್ತೊಂದು ಮೊಳೆ, ಒಂದೊಂದು ಮೊಳೆಗೆ ಒಬ್ಬೊಬ್ಬರ ನೀರಿನ ಚೆಂಬು. ಬಡಿಸುವಾಗ ನಾನು ಯಾರ ಹೆಸರನ್ನೂ ಕೇಳುವವಳಲ್ಲ. ಚೆಂಬು ನೋಡಿ ಬಡಿಸುತ್ತೇನೆ. ಅವರವರ ಹೊಟ್ಟೆ ಮಾತ್ರ ನನಗೆ ಚೆನ್ನಾಗಿ ಗೊತ್ತು. ಎಂಟು ವರ್ಷದಿಂದ ಉಣ್ಣುವ ಮೂಲೆ ಮೊಳೆಯ ಗದಿಗೆಪ್ಪ ಮಾಸ್ತರರು ಕೆಂಪು ಚಟ್ನಿಗೆ ಎರಡನೇ ಸಲ ಕೈ ಹಾಕಿದರೆಂದರೆ ಅರ್ಧ ಗಂಟೆಯಲ್ಲಿ ನನ್ನ ಎದೆ ಉರಿಯುತ್ತದೆ. ಅವರು ಹಾಯಾಗಿ ಶಾಲೆಗೆ ಹೋಗಿ ಮಕ್ಕಳಿಗೆ ಮಿತಾಹಾರದ ಪಾಠ ಹೇಳುತ್ತಾರೆ. ಮಧ್ಯಾಹ್ನ ಮೂರರ ಹೊತ್ತಿಗೆ ಊರಿನ ಅಡುಗೆಯವರೆಲ್ಲ ಕೆರೆ ದಂಡೆಯ ಮೇಲೆ ಹಿಂದೆ ಮುಂದೆ ಓಡಾಡಿ ತೇಗುವುದು ರೂಢಿ. ತೇಗು ಕೇಳಿಯೇ ಯಾರ ಮನೆಯಲ್ಲಿ ನೆಂಟರು ಬಂದಿದ್ದಾರೆ ಎಂದು ಹೇಳುವ ಮುದುಕಿಯರು ನಮ್ಮಲ್ಲಿದ್ದಾರೆ.

ನಮ್ಮ ಸರ್ಕಾರಿ ಆಸ್ಪತ್ರೆಯ ಮೂರನೇ ಕಿಟಕಿ ಹೊಟ್ಟೆಯವರದು. ಅಲ್ಲಿ ಮೊದಲಿನಿಂದಲೂ ಅಡುಗೆಯವರೇ ಸಾಲು ನಿಲ್ಲುತ್ತಿದ್ದರು, ಅಡುಗೆಯವರಿಗೇ ಮಾತ್ರೆ ಕೊಡುತ್ತಿದ್ದರು. ಹುಣ್ಣು ಒಬ್ಬರ ಹೊಟ್ಟೆಯಲ್ಲಿ, ಮಾತ್ರೆ ಇನ್ನೊಬ್ಬರ ಹೊಟ್ಟೆಯಲ್ಲಿ. ಗುಣವಾಗುತ್ತಿರಲಿಲ್ಲ. ಸರ್ಕಾರಿ ಮಾತ್ರೆಯಿಂದ ಗುಣವಾಗದಿರುವುದು ಹೊಸತೇನಲ್ಲವಾದ್ದರಿಂದ ಯಾರೂ ಆ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

ಹೋದ ವರ್ಷ ಡಾಕ್ಟರ್ ಮಂದಾಕಿನಿ ಬಂದರು. ದಕ್ಷಿಣದ ಕಡೆಯವರು, ಹೊಟ್ಟೆಯ ಬಗ್ಗೆಯೇ ಓದಿದವರು. ಒಂಟಿ ಜೀವ, ನನ್ನಲ್ಲೇ ಊಟ. ಹದಿನೈದು ದಿನ ಕಳೆಯುವಷ್ಟರಲ್ಲಿ ಕಂಡಕಂಡವರ ಹತ್ತಿರ, "ಈ ಊರಿನ ನೀರು ಅಮೃತ ಕಣ್ರೀ. ಹತ್ತು ವರ್ಷದ ಆಸಿಡಿಟಿ ಮಾಯವಾಗಿದೆ" ಎಂದು ಹೇಳಿಕೊಂಡು ಓಡಾಡತೊಡಗಿದರು. ನಾನು ತಡೆದುಕೊಳ್ಳುವಷ್ಟು ತಡೆದುಕೊಂಡು ಒಂದು ದಿನ ಹೇಳಿದೆ: "ಮಾಯ ಆಗಿಲ್ರಿ ಬಾಯಾರ. ಇಲ್ಲೈತಿ, ನನ್ನ ಎದಿಯಾಗ. ನಾಳೆ ಒಂದಿನ ನಿಮ್ಮ ಅಡಗಿ ನೀವ ಮಾಡ್ಕೊಂಡು ಉಂಡು ನೋಡ್ರಿ." ಮರುದಿನ ಅವರು ಎದೆ ಒತ್ತಿಕೊಂಡು ಬಂದರು. ಬಾಗಿಲಲ್ಲೇ ನಿಂತು, "ಹಾಗಾದರೆ ನಾನು ಇಷ್ಟು ದಿನ ತಪ್ಪು ಜನಕ್ಕೆ ಮದ್ದು ಕೊಟ್ಟಿದ್ದೇನೆ" ಎಂದರು. ಅವತ್ತೇ ಹೊಸ ನಿಯಮ ಬಂತು. ಇನ್ನು ಮುಂದೆ ನೋವಿರುವವರು ಬಂದರೆ ಸಾಲದು, ಉಂಡವರೂ ಬರಬೇಕು; ಮದ್ದು ಉಂಡವರಿಗೆ.

ನಿಯಮ ಒಳ್ಳೆಯದೇ. ಆದರೆ ಅದನ್ನು ಬರಹಕ್ಕೆ ಇಳಿಸಿದವನು ಹೊನಕೇರಪ್ಪ. ಮೂರನೇ ಕಿಟಕಿಯಲ್ಲಿ ಇಪ್ಪತ್ತಾರು ವರ್ಷ ಕುಳಿತ ಗುಮಾಸ್ತ ಅವನು, ಕಾಗದವಿಲ್ಲದೆ ಸೀನುವವನೂ ಅಲ್ಲ. ಅವನು 'ಉಂಡವರ ಚೀಟಿ' ಎಂದು ಒಂದನ್ನು ಮಾಡಿದ. ಹೆಸರು, ತಂದೆಯ ಹೆಸರು, ಕಳೆದ ಆರು ತಿಂಗಳಲ್ಲಿ ಯಾರ ಯಾರ ಕೈಯಡುಗೆ ಉಂಡಿದ್ದೀರಿ, ಎಷ್ಟು ಉಂಡಿದ್ದೀರಿ, ಏಕೆ ಉಂಡಿದ್ದೀರಿ, ಸಹಿ. ತಕರಾರು ಇರುವವರು ಹೇಳಲಿ ಎಂದು ಅದನ್ನು ಕಿಟಕಿಯಿಂದ ಗಟ್ಟಿಯಾಗಿ ಓದುತ್ತಿದ್ದ. ಓದಿದ ಮೇಲೆ ಗೋಡೆಗೆ ಅಂಟಿಸುತ್ತಿದ್ದ. ತಮ್ಮ ಮನೆಯಲ್ಲಿ ಅರ್ಧ ರೊಟ್ಟಿಗೆ ಸಾಕೆನ್ನುವ ಗಂಡ ಎದುರು ಮನೆಯಲ್ಲಿ ಮೂರು ತಿನ್ನುತ್ತಾನೆಂದು ಒಬ್ಬಳಿಗೆ ಆ ಗೋಡೆಯಿಂದಲೇ ಗೊತ್ತಾಯಿತು. ಸೊಸೆ ಮಾಡಿದ್ದನ್ನು ಬಾಯಿಗೂ ಇಡುವುದಿಲ್ಲವೆಂದು ಶಪಥ ಮಾಡಿದ್ದ ಅತ್ತೆಯೊಬ್ಬಳ ಸಹಿ ಸೊಸೆಯ ಹೆಸರಿನ ಮುಂದೆಯೇ ಇತ್ತು. ಒಂದು ವಾರದಲ್ಲಿ ಮೂರನೇ ಕಿಟಕಿಯ ಬೆಂಚು ಖಾಲಿಯಾಯಿತು. ಡಾಕ್ಟರಬಾಯಿ ಒಳಗೆ ನೊಣ ಹೊಡೆಯುತ್ತ ಕುಳಿತರು. ಹೊನಕೇರಪ್ಪ ಮೇಲಿನವರಿಗೆ ವರದಿ ಬರೆದ: ಊರಿನಲ್ಲಿ ಹೊಟ್ಟೆನೋವು ಸಂಪೂರ್ಣ ನಿವಾರಣೆಯಾಗಿದೆ.

ನನಗೆ ನಾಲ್ಕು ಗಂಟೆಯ ನೋವು ಶುರುವಾದದ್ದು ಆಗಲೇ. ದಿನಾ ನಾಲ್ಕಕ್ಕೆ, ಎದೆಗೂಡಿನ ಕೆಳಗೆ, ಒಂದೇ ಕಡೆ, ಇಲಿ ಕಡಿದಂತೆ. ಅದು ನನ್ನ ಗುರುತಿನ ನೋವುಗಳ ಪೈಕಿ ಯಾವುದೂ ಅಲ್ಲ. ಡಾಕ್ಟರಬಾಯಿ ನನ್ನ ಗಂಟಲಿನಿಂದ ನಳಿಗೆ ಇಳಿಸಿ ನೋಡಿದರು. ನನ್ನ ಹೊಟ್ಟೆ ತೊಳೆದಿಟ್ಟ ಪರಾತದ ಹಾಗೆ ಸ್ವಚ್ಛವಾಗಿತ್ತಂತೆ.

"ಇದು ನಿಮ್ಮದಲ್ಲ ದುಂಡವ್ವ. ನಿಮ್ಮ ಕೈಲಿ ಉಣ್ಣುವ ಯಾರಿಗೋ ಹೊಟ್ಟೆಯಲ್ಲಿ ಹುಣ್ಣಾಗಿದೆ. ನೀವು ಹೇಳೋದು ನೋಡಿದರೆ ಆಳವಾಗೇ ಆಗಿದೆ. ಒಡೆದರೆ ಜೀವಕ್ಕೆ ಅಪಾಯ. ಅವರಿಗೆ ನೋವಿಲ್ಲ, ಪಾಪ, ಗೊತ್ತಾಗೋದಾದರೂ ಹೇಗೆ? ಬೇಗ ಹುಡುಕಿ."

ಹುಡುಕಿದೆ. ದಿನಕ್ಕೆ ಐದು ಚೆಂಬಿನವರಂತೆ ಅವರ ಅಡುಗೆಯನ್ನು ನನ್ನ ಕೈಕೆಳಗಿನ ಬಸಕ್ಕನಿಂದ ಮಾಡಿಸಿದೆ. ಯಾರದನ್ನು ಅವಳು ಮಾಡಿದ ದಿನ ನನ್ನ ನೋವು ನಿಲ್ಲುತ್ತದೋ ಅವರೇ ರೋಗಿ ಎಂಬುದು ಲೆಕ್ಕ. ಗದಿಗೆಪ್ಪ ಮಾಸ್ತರರ ಪಾಳಿಯ ದಿನ ಬಸಕ್ಕ ಎದೆ ಹಿಡಿದುಕೊಂಡು ನೆಲದ ಮೇಲೆ ಕೂತು, "ಇಂಥಾದ್ದನ್ನ ಎಂಟ ವರ್ಷ ತಡಕೊಂಡಿಯೇನ ಯವ್ವಾ" ಎಂದು ಮೊದಲ ಸಲ ನನಗೆ ಕೈ ಮುಗಿದಳು. ಒಂಬತ್ತು ದಿನಗಳಲ್ಲಿ ನಲವತ್ತೊಂದು ಚೆಂಬೂ ಮುಗಿದವು. ನೋವು ಒಂದು ದಿನವೂ ತಪ್ಪಲಿಲ್ಲ.

ಹತ್ತನೇ ದಿನ ಅಮಾವಾಸ್ಯೆ. ಅಂದು ಖಾನಾವಳಿಗೆ ರಜೆ. ಬಳೆಗಾರ್ತಿ ಕಾಶಿಂಬಿ ಮಾತ್ರ ಬಂದು ಒಂದು ಊಟ ಕಟ್ಟಿಕೊಡೆಂದು ಗೋಗರೆದಳು. ಅವಳು ವರ್ಷದಿಂದ ದಿನಾ ಒಂದು ಊಟ ಕಟ್ಟಿಸಿಕೊಂಡು ಹೋಗುವವಳು. ಚೆಂಬಿಲ್ಲದ್ದರಿಂದ ನನ್ನ ಎಣಿಕೆಗೆ ಬಂದಿರಲಿಲ್ಲ. ಅವಳೊಬ್ಬಳಿಗಾಗಿ ಒಲೆ ಹಚ್ಚಿ ಕೊಟ್ಟೆ. ನಾನು ಉಪವಾಸ. ನಾಲ್ಕಕ್ಕೆ ಸರಿಯಾಗಿ ಇಲಿ ಕಡಿಯಿತು. ಹೊಟ್ಟೆ ಹಿಡಿದುಕೊಂಡೇ ಅವಳ ಮನೆಗೆ ಓಡಿದೆ.

"ಕಾಶಿಂಬಿ, ಈಗಿಂದೀಗ ದವಾಖಾನಿಗೆ ನಡಿ. ನಿನ್ನ ಹೊಟ್ಯಾಗ ಹುಣ್ಣೈತಿ."

"ನನಗ್ಯಾಕ ಹುಣ್ಣು? ನಾ ಉಣ್ಣೂದು ನನ್ನ ಸೊಸಿ ಕೈಯಾಂದು," ಎಂದವಳು ನಾಲಿಗೆ ಕಚ್ಚಿಕೊಂಡಳು. ಆದರೆ ಅವಳ ಕಣ್ಣು ಬಾಗಿಲಿನಿಂದ ಕಾಣುವ ನನ್ನ ಹಿತ್ತಲ ಗೋಡೆಯ ಕಡೆಗೆ ಹೋಯಿತು.

ಆ ಗೋಡೆಯ ಆಚೆ ನನ್ನ ಅಕ್ಕ ಸಾತವ್ವನ ಮನೆ. ನಾವು ಮಾತು ಬಿಟ್ಟು ಹನ್ನೆರಡು ವರ್ಷ. ಕಾರಣ ಬದನೆಕಾಯಿ ಎಣ್ಣೆಗಾಯಿ. ಅವ್ವ ಅದಕ್ಕೆ ಒಂದು ಚೂರು ಬೆಲ್ಲ ಹಾಕುತ್ತಿದ್ದಳು ಎಂದು ನಾನು, ಎಂದೂ ಹಾಕುತ್ತಿರಲಿಲ್ಲ ಎಂದು ಅಕ್ಕ. ಅವ್ವನನ್ನೇ ಕೇಳೋಣವೆಂದರೆ ಅವಳು ತೀರಿಕೊಂಡು ಹದಿನಾರು ದಿನವಾಗಿತ್ತು. ಮಾತಿಗೆ ಮಾತು ಬೆಳೆದು ಅಕ್ಕ ಓಣಿಯ ನಡುವೆ ನಿಂತು, "ನಿನ್ನ ಬೆಲ್ಲದ ಬದನಿಕಾಯಿ ದನಾನೂ ಮೂಸೂದಿಲ್ಲ. ಇನ್ನ ನಿನ್ನ ಕೈಯಾನ ನೀರು ಕುಡದ್ರ ಕೇಳು" ಎಂದು ಹೋದವಳು ಹಿಂದಿರುಗಿ ನೋಡಿರಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ ನಮ್ಮಕ್ಕ.

ಕಾಶಿಂಬಿ ಕೊನೆಗೆ ಎಲ್ಲವನ್ನೂ ಹೇಳಿದಳು. ವರ್ಷದ ಹಿಂದೆ ಅಕ್ಕನಿಗೆ ಜ್ವರ ಬಂದಾಗ ಒಂದು ಸಲ ತಂದುಕೊಟ್ಟಿದ್ದಳಂತೆ. ಅಕ್ಕ ಬಟ್ಟಲು ನೆಕ್ಕಿ, "ಹಾಳು ಬೆಲ್ಲ" ಎಂದಳಂತೆ, ಮರುದಿನ ಮತ್ತೆ ತರಿಸಿದಳಂತೆ. "ಈಗೀಗ ತಾನ ಮಾಡ್ಕೊಂಡದ್ದು ಉಂಡ್ರ ಹೊಟ್ಟಿ ಹರೀತೈತಂತ. ನಿಂದು ಉಂಡ್ರ ಏನೂ ಆಗೂದಿಲ್ಲಂತ. ಅದಕ್ಕ ನಿಂದ ಉಣ್ತಾಳ."

ನನಗೆ ಉರಿದುಹೋಯಿತು. ನೋವು ಯಾರಿಗೆ ಹೋಗುತ್ತದೆಂದು ಗೊತ್ತಿದ್ದೂ ದಿನಾ ಗೋಡೆಯಾಚೆಯಿಂದ ಕಳಿಸುತ್ತಿದ್ದಳಲ್ಲ. ಅವತ್ತೇ ಕಟ್ಟಿಕೊಡುವುದನ್ನು ನಿಲ್ಲಿಸಿದೆ. ಅವಳ ನೋವು ಅವಳಿಗೇ ಬರಲಿ, ತಾನಾಗಿ ಆಸ್ಪತ್ರೆಗೆ ಓಡುತ್ತಾಳೆ ಎಂದುಕೊಂಡೆ. ಮೊದಲ ದಿನ ನಾಲ್ಕು ಗಂಟೆಗೆ ನೋವು ಬರಲಿಲ್ಲ. ಖುಷಿಯಾಗಿ ಎರಡು ಸಲ ಚಹಾ ಕುಡಿದೆ. ಎರಡನೇ ದಿನವೂ ಬರಲಿಲ್ಲ. ಮೂರನೇ ದಿನ ಗಡಿಯಾರದ ಮುಂದೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುಳಿತೆ. ನಾಲ್ಕಾಯಿತು, ನಾಲ್ಕೂವರೆಯಾಯಿತು. ಏನೂ ಇಲ್ಲ. ಗೋಡೆಯಾಚೆ ಅವಳು ಇದ್ದಾಳೋ ಇಲ್ಲವೋ ತಿಳಿಯುವುದಕ್ಕೆ ನನ್ನ ಬಳಿ ಇದ್ದದ್ದು ಅದೊಂದೇ ನೋವು, ಅದನ್ನೂ ನಾನೇ ಕೈಯಾರೆ ನಿಲ್ಲಿಸಿದ್ದೆ. ಭಯವಾಯಿತು. ಕಾಶಿಂಬಿಯನ್ನು ಕರೆಸಿದೆ.

"ಒಲಿ ಹಚ್ಚಿಲ್ಲ," ಎಂದಳು. "ಮೂರು ದಿನಾತು, ನೀರು ಕುಡದು ಮಕ್ಕೊಂಡಾಳ. ಮಾರಿ ಸುಣ್ಣ ಆಗೈತಿ."

"ದವಾಖಾನಿಗೆ ಕರಕೊಂಡು ಹೋಗಬೇಕಿಲ್ಲೋ?"

"ಆ ಚೀಟ್ಯಾಗ ನಿನ್ನ ಹೆಸರು ಬರೀಬೇಕಲ್ಲ. ಹೊನಕೇರಪ್ಪ ಅದನ್ನ ಊರಿಗೆಲ್ಲ ಓದ್ತಾನಲ್ಲ. ಸತ್ತರೂ ಬರಿಯಂಗಿಲ್ಲ ಅಂತಾಳ."

"ಬ್ಯಾರೆ ಯಾರದರ ಹೆಸರು ಬರೀಲಿ."

"ಸುಳ್ಳು ಹೇಳಾಕಿ ಅಲ್ಲಲ್ಲ ನಿಮ್ಮಕ್ಕ."

ಅದು ನಿಜ. ಹಟಮಾರಿಯೇ ಹೊರತು ಅವಳು ಸುಳ್ಳುಗಾತಿಯಲ್ಲ. ನಾನು ಒಲೆ ಹಚ್ಚಿದೆ. ಮೆತ್ತಗೆ ಅನ್ನ ಬೇಯಿಸಿ, ತಿಳಿಮಜ್ಜಿಗೆ ಕಡೆದು, ಕಾಶಿಂಬಿಯ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಇಲಿ ಕಡಿಯಿತು. ನಾನು ಒಲೆಯ ಮುಂದೆ ಕುಳಿತು ಹೊಟ್ಟೆ ಹಿಡಿದುಕೊಂಡು ಅತ್ತೆ. ನೋವು ತಾಳಲಾರದೆ ಅಳುತ್ತಿದ್ದೇನೆಂದು ಬಸಕ್ಕ ಅಜವಾನದ ನೀರು ಕಾಯಿಸಿ ತಂದಳು. ಅದನ್ನು ಕುಡಿದು ನೇರವಾಗಿ ಮೂರನೇ ಕಿಟಕಿಗೆ ಹೋದೆ.

"ನಿನ್ನ ಚೀಟಿ ತಗಿ, ಹೊನಕೇರಪ್ಪ," ಎಂದೆ.

"ತಗದರ ರೋಗಿ ಗುರ್ತು ಹೆಂಗ್ರಿ ಹಿಡೀಬೇಕು? ಹೆಸರಿಲ್ಲದ ಹೊಟ್ಟಿಗೆ ಸರ್ಕಾರ ಮದ್ದು ಕೊಡೂದಿಲ್ರಿ," ಎಂದ ಅವನು.

ಡಾಕ್ಟರಬಾಯಿ ಮಾತು ಕೇಳಿ ಹೊರಗೆ ಬಂದರು. ನಾನು ಅವರಿಗೆ ನನ್ನ ಗೋಡೆಯ ಮೊಳೆಗಳನ್ನು ನೆನಪು ಮಾಡಿದೆ. ನಲವತ್ತೊಂದು ಜನರಿಗೆ ಇಷ್ಟು ವರ್ಷ ಚೆಂಬು ನೋಡಿ ಬಡಿಸಿದ್ದೇನೆ, ಒಬ್ಬರ ರೊಟ್ಟಿ ಇನ್ನೊಬ್ಬರ ತಾಟಿಗೆ ಹೋಗಿಲ್ಲ, ಹೆಸರು ಯಾಕೆ ಬೇಕು ಎಂದೆ. ಅವರು, "ಚೆಂಬಿನ ಬದಲು ಬೇರೇನಾದರೂ ಕೊಡೋಣ. ನಡುವೆ ಒಂದು ಪರದೆ ಕಟ್ಟೋಣ. ಉಂಡವರು ಆ ಕಡೆ, ಅಡುಗೆಯವರು ಈ ಕಡೆ. ಹೆಸರು ನನಗೆ ಬೇಕಾಗಿಲ್ಲ, ಹೊಟ್ಟೆ ಸಾಕು" ಎಂದರು. ಹೊನಕೇರಪ್ಪನ ಕಣ್ಣಲ್ಲಿ ನೀರು ಬಂತು. ಅಂಕಿ ಹಾಕಿದ ಬಿಲ್ಲೆಗಳೆಲ್ಲ ಉಳಿದ ಕಿಟಕಿಗಳಿಗೆ ಹೋಗಿದ್ದರಿಂದ ಕೊನೆಗೆ ಅವನೇ ರಟ್ಟಿನ ಚೂರುಗಳ ಮೇಲೆ ಒಂದೊಂದು ಕಾಯಿಪಲ್ಯದ ಚಿತ್ರ ಬರೆದ. ಬೇಸರದಲ್ಲಿ ಬರೆದರೂ ಚೆನ್ನಾಗಿಯೇ ಬರೆದಿದ್ದ. ಹಿತ್ತಲ ಬಾಗಿಲಿನಿಂದ ಬಂದು, ಒಂದು ರಟ್ಟು ತೆಗೆದುಕೊಂಡು, ಪರದೆಯ ಹಿಂದೆ ಕೂರಬೇಕು. ಅಷ್ಟೇ.

ಸೋಮವಾರ ಶುರುವಾಯಿತು. ಯಾರೂ ಬರುವುದಿಲ್ಲವೇನೋ ಎಂದುಕೊಂಡಿದ್ದೆವು. ಹಿತ್ತಲ ಬಾಗಿಲಿನಲ್ಲಿ ಮುಖಕ್ಕೆ ಟವೆಲ್ ಸುತ್ತಿಕೊಂಡವರು, ಸೆರಗು ಮುಚ್ಚಿಕೊಂಡವರು, ಒಬ್ಬರು ಕೊಡೆಯನ್ನೇ ಮುಖಕ್ಕೆ ಹಿಡಿದುಕೊಂಡವರು, ಹೀಗೆ ಊರಿಗೆ ಊರೇ ನಿಂತಿತ್ತು. ಎಲ್ಲರೂ ಎಲ್ಲಿಯೋ ಒಂದು ಕಡೆ ಕದ್ದು ಉಣ್ಣುವವರೇ. ನರ್ಸ್ ಬಾಗಿಲಿಗೆ ಬಂದು, "ಹೀರೀಕಾಯಿ ಬರ್ರಿ, ನುಗ್ಗೀಕಾಯಿ ತಯಾರಾಗ್ರಿ" ಎಂದು ಕೂಗುತ್ತಿದ್ದಳು. ಬೆಂಡೆಕಾಯಿ ರಟ್ಟು ಹಿಡಿದವರು ಸಾಲಿನಲ್ಲಿದ್ದವರಿಗೆಲ್ಲ ಮಿತಾಹಾರದ ಉಪದೇಶ ಮಾಡುತ್ತಿದ್ದರು. ಟವೆಲ್ಲಿನೊಳಗೆ ಯಾರಿದ್ದಾರೆಂದು ನನ್ನ ಎದೆಗೆ ಗೊತ್ತಾಯಿತು. ಹನ್ನೊಂದರ ಹೊತ್ತಿಗೆ ಹೊನಕೇರಪ್ಪನ ಕುರ್ಚಿ ಖಾಲಿಯಿತ್ತು. ಪರದೆಯ ಹಿಂದಿನಿಂದ ಕುಂಬಳಕಾಯಿಯೊಂದು ಅವನದೇ ದನಿಯಲ್ಲಿ, ಸೋಮವಾರ ಒಪ್ಪತ್ತು ಇರುವುದು ನಿಜ, ಆದರೆ ಸಂಜೆ ಬಸ್ ನಿಲ್ದಾಣದ ಬಳಿ ಎಂಟು ಮಿರ್ಚಿ ಭಜಿ ತಿನ್ನುವುದೂ ನಿಜ ಎಂದು ಡಾಕ್ಟರಬಾಯಿಗೆ ಒಪ್ಪಿಸುತ್ತಿತ್ತು. ಈ ಕಡೆ ಕುಳಿತಿದ್ದ ಭಜಿ ಗಾಡಿಯ ಹೆಂಗಸು, "ನೀ ಏನ ನನ್ನ ಸೋಮವಾರದ ಉರಿ?" ಎಂದು ಎದ್ದೇಬಿಟ್ಟಳು. ಅವಳನ್ನು ಹಿಡಿದು ಕೂರಿಸಬೇಕಾಯಿತು.

ಹನ್ನೆರಡಕ್ಕೆ ಕಾಶಿಂಬಿ ಬಂದು ನನಗೆ ಕಣ್ಸನ್ನೆ ಮಾಡಿ ಹೋದಳು. ಅಕ್ಕನಿಗೆ ಮೊದಲು ಬಂದದ್ದು ಬದನೆಕಾಯಿಯ ರಟ್ಟಂತೆ. ಅದನ್ನು ಹಿಂದಕ್ಕೆ ಎಸೆದು ಹಾಗಲಕಾಯಿ ಇಸಿದುಕೊಂಡಳಂತೆ. ನಾನು ಪರದೆಯ ಈ ಕಡೆ ಸ್ಟೂಲಿನ ಮೇಲೆ ಕುಳಿತೆ. ಆ ಕಡೆ ಮಂಚ ಕಿರುಗುಟ್ಟಿತು. ಹಸಿರು ಬಟ್ಟೆಯ ಕೆಳಗೆ ಎರಡು ಪಾದ ಕಂಡವು. ಕಾಲುಂಗುರದ ಬೆರಳು ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ನಾನೇ ಒನಕೆ ಬೀಳಿಸಿದ ಬೆರಳು ಅದು.

"ಇಲ್ಲಿ ನೋವಿದೆಯಾ?" ಎಂದು ಡಾಕ್ಟರಬಾಯಿ ಆ ಕಡೆ ಒತ್ತಿದರು.

"ಇಲ್ರಿ," ಎಂದೆ ಈ ಕಡೆಯಿಂದ ನಾನು.

"ಇಲ್ಲಿ?"

"ಸ್ವಲ್ಪ ಐತ್ರಿ."

"ಇಲ್ಲಿ?"

"ಯವ್ವೋ!" ಎಂದು ಕೂಗಿ ಸ್ಟೂಲಿನಿಂದ ಕೆಳಗೆ ಬಿದ್ದೆ.

ಡಾಕ್ಟರಬಾಯಿ, "ಇನ್ನೊಂದು ಸಲ ನೋಡ್ತೀನಿ" ಎಂದರು. ಆಗ ಪರದೆಯಾಚೆಯಿಂದ, ಹನ್ನೆರಡು ವರ್ಷಗಳಿಂದ ನಾನು ಗೋಡೆಗೆ ಕಿವಿಯಿಟ್ಟು ಮಾತ್ರ ಕೇಳಿದ್ದ ದನಿ ಬಂತು. "ಮೆಲ್ಲಕ ಒತ್ತರಿ ಬಾಯಾರ. ಆ ಕಡೆ ಕುಂತಾಕಿಗೆ ನೋಯ್ತೈತಿ." ನಾನು ನೆಲದ ಮೇಲೆ ಕುಳಿತೇ ಬಾಯಿಗೆ ಸೆರಗು ಒತ್ತಿಕೊಂಡೆ. ಮಾತಾಡಿದರೆ ಅವಳು ಎದ್ದು ಹೋಗಿಬಿಡುತ್ತಾಳೆಂದು ನನಗೆ ಗೊತ್ತಿತ್ತು.

ನಳಿಗೆ ಇಳಿಸಿ ನೋಡಿದಾಗ ಹುಣ್ಣು ಇತ್ತು, ಒಡೆಯುವುದರಲ್ಲಿತ್ತು. ಇನ್ನು ಹದಿನೈದು ದಿನ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದು ಡಾಕ್ಟರಬಾಯಿ ಆಮೇಲೆ ನನಗೆ ಹೇಳಿದರು. ಹಾಗಲಕಾಯಿಗೆ ಎರಡು ತಿಂಗಳ ಮಾತ್ರೆ, ಖಾರವಿಲ್ಲ, ಎಣ್ಣೆಯಿಲ್ಲ. ನಾನು ದಿನಾ ಗಂಜಿ ಬೇಯಿಸಿ ಕಾಶಿಂಬಿಗೆ ಕೊಟ್ಟೆ. ಯಾರಿಗೆಂದು ನಾನು ಹೇಳಲಿಲ್ಲ, ಯಾರು ಉಂಡರೆಂದು ಅವಳು ಹೇಳಲಿಲ್ಲ. ನಾಲ್ಕು ಗಂಟೆಯ ಇಲಿ ಮೊದಲು ಮೆತ್ತಗಾಯಿತು, ಆಮೇಲೆ ಎರಡು ದಿನಕ್ಕೊಮ್ಮೆ ಬಂತು, ಒಂದು ದಿನ ಬರಲೇ ಇಲ್ಲ. ಈ ಸಲ ನಾನು ಹೆದರಲಿಲ್ಲ; ಹಿತ್ತಲಲ್ಲಿ ಅವಳು ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಅಷ್ಟರಲ್ಲಿ ಮೂರನೇ ಕಿಟಕಿಯ ಪರದೆ ಊರಿಗೆ ಒಗ್ಗಿಹೋಗಿತ್ತು. ಹೊನಕೇರಪ್ಪ ಕಾಯಿಪಲ್ಯ ಸಾಲದೆ ಹಣ್ಣುಗಳನ್ನೂ ಬರೆಯತೊಡಗಿದ್ದ. ಕೆರೆ ದಂಡೆಯ ಮೇಲೆ ತೇಗುವವರು ಎಷ್ಟು ಕಡಿಮೆಯಾದರೆಂದರೆ, ಇನ್ನು ಊರ ಸುದ್ದಿ ತಿಳಿಯುವುದು ಹೇಗೆ ಎಂದು ಮುದುಕಿಯರು ಡಾಕ್ಟರಬಾಯಿಯ ಮೇಲೆ ಸಿಟ್ಟಾದರು.

ಹೋದ ಗುರುವಾರ ಕಾಶಿಂಬಿ ಊಟ ಕಟ್ಟಿಸಿಕೊಳ್ಳಲು ಬರಲಿಲ್ಲ. ಬದಲಿಗೆ ಮುಚ್ಚಿದ ಹಿತ್ತಾಳೆ ಬಟ್ಟಲೊಂದನ್ನು ತಂದಿಟ್ಟು ಹೋದಳು. ಅವ್ವನ ಬಟ್ಟಲು. ಒಳಗೆ ಬದನೆಕಾಯಿ ಎಣ್ಣೆಗಾಯಿ, ಸಣ್ಣ ಸಣ್ಣ ಕಾಯಿ, ಹನ್ನೆರಡು. ಬೆಲ್ಲವಿರುವುದಿಲ್ಲ, ನನ್ನನ್ನು ಸೋಲಿಸಲೆಂದೇ ಕಳಿಸಿದ್ದಾಳೆ ಎಂದುಕೊಂಡು ಒಂದು ತಿಂದೆ. ಬೆಲ್ಲವಿತ್ತು. ನಾನು ಹಾಕುವುದಕ್ಕಿಂತ ಒಂದು ಚೂರು ಹೆಚ್ಚೇ ಇತ್ತು. ಎರಡನೆಯದನ್ನು ತಿಂದೆ, ಮೂರನೆಯದನ್ನು ತಿಂದೆ. ಹನ್ನೆರಡು ವರ್ಷ ಬೇರೆಯವರ ಅಜೀರ್ಣಕ್ಕೆ ಹೆದರಿ ಬದುಕಿದ ನಾನು ಹೆದರಿಕೆಯಿಲ್ಲದೆ ತಿಂದದ್ದು ಅವತ್ತೇ. ರೊಟ್ಟಿ ಹಚ್ಚಿಕೊಂಡು ತಿಂದೆ, ರೊಟ್ಟಿ ಮುಗಿದ ಮೇಲೆ ಹಾಗೇ ತಿಂದೆ. ಹನ್ನೊಂದು ಕಾಯಿ ಒಳಗೆ ಹೋದವು. ನನಗೆ ಏನೂ ಆಗಲಿಲ್ಲ, ಹೊಟ್ಟೆ ಹೂವಿನಂತೆ ಹಗುರಾಗಿತ್ತು.

ಆಗ ಹಿತ್ತಲ ಗೋಡೆಯಾಚೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ಅದರ ಹಿಂದೆಯೇ ಒಂದು ದೊಡ್ಡ ತೇಗು, ಆಮೇಲೆ ಯಾರೋ ಗೋಡೆಗೆ ಕೈಯಿಂದ ದಬದಬ ಬಡಿದರು.

"ಏ ದುಂಡೀ," ಎಂದು ಅಕ್ಕ ಕೂಗಿದಳು. "ಎಷ್ಟ ತಿಂದಿಯೇ? ನನ್ನ ಹೊಟ್ಟಿ ಒಡಿಯಾಕ್ಹತ್ತೈತಿ, ಸಾಕ ಮಾಡ."

ಬಟ್ಟಲಿನಲ್ಲಿ ಇನ್ನೊಂದು ಉಳಿದಿತ್ತು. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು ಗೋಡೆಯ ಹತ್ತಿರ ಹೋಗಿ ನಿಂತು, ಅವಳು ಇನ್ನೊಮ್ಮೆ ಬೈಯಲೆಂದು ಅದನ್ನೂ ಬಾಯಿಗೆ ಹಾಕಿಕೊಂಡೆ.